ಬೂದು ಕೋಟಿನ ತೂತು

ಆ ಮನುಷ್ಯನ ಸುದ್ದಿ ಲಾಂಡ್ರಿಯಮ್ಮನ ಕಿವಿಗೆ ಮೊದಲ ಸಲ ಬಿದ್ದಾಗ ಅವಳು ಅಡಿಗೆಮನೆಯಲ್ಲಿ ನಿಂತು ಪಾತ್ರೆ ಒರೆಸುತ್ತಿದ್ದಳು. ಆಗಿನ್ನೂ ಅವಳನ್ನು ಯಾರೂ ಲಾಂಡ್ರಿಯಮ್ಮ ಎನ್ನುತ್ತಿರಲಿಲ್ಲ. ಲಾಂಡ್ರಿ ಗಂಡನದು, ಅವಳು ಗೋಡೆಯ ಈಚೆಗಿನ ಮನೆಯವಳು, ಅಷ್ಟೆ. ಅಂಗಡಿಯ ಕಡೆಯ ಬಾಗಿಲು ತಳ್ಳಿಕೊಂಡು ಗಂಡ ಒಳಗೆ ಬಂದ. ಕೈಯಲ್ಲಿ ಒಂದು ಕಪ್ಪು ಕೋಟು. ಹಿಂದಿನ ವಾರ ಅದೇ ಕೋಟಿನ ಬೆನ್ನಿಗೆ ಇಸ್ತ್ರಿಪೆಟ್ಟಿಗೆಯ ಮೂತಿ ತಾಗಿಸಿ ಸುಟ್ಟು, ಆ ದಿನವೆಲ್ಲ ಊಟ ಬಿಟ್ಟು ಮುಖ ಸಣ್ಣ ಮಾಡಿಕೊಂಡು ಕೂತಿದ್ದವನು ಅವನೇ.

"ಹುಡುಕು," ಎಂದ.

"ಏನನ್ನ?"

"ನಾನು ಸುಟ್ಟಿದ್ದನ್ನ."

ಅವಳು ಕೈ ಒರೆಸಿಕೊಂಡು ಕೋಟನ್ನು ಕಿಟಕಿಗೆ ಹಿಡಿದಳು. ಬೆನ್ನಿನ ಮೇಲೆ ಬೆರಳಾಡಿಸಿದಳು. ಒಳಗಿನದನ್ನು ಹೊರಗೆ ಮಾಡಿ ನೋಡಿದಳು. ಸುಟ್ಟ ಗುರುತು ಹೋಗಲಿ, ಒಂದು ಹೊಲಿಗೆಯ ಗಂಟೂ ಕೈಗೆ ಹತ್ತಲಿಲ್ಲ.

"ಬೇರೆ ಕೋಟು ತಂದು ನನ್ನ ಕಣ್ಣಿಗೆ ಮಂಕುಬೂದಿ ಎರಚ್ತಿದ್ದೀರಾ?"

"ಅದೇ ಕೋಟು ಕಣೆ. ಬಸ್ ನಿಲ್ದಾಣದ ಹಿಂದೆ, ಮೆಟ್ಟಿಲ ಕೆಳಗೆ ಒಬ್ಬ ಕೂತಿರ್ತಾನೆ, ರಫೂ ಮಾಡ್ತಾನೆ. ಸುಟ್ಟಿದ್ದನ್ನ ಕತ್ತರಿಸಿ ಬಿಸಾಕಿ, ಕೋಟಿನ ಒಳಮಡಿಕೆಯಿಂದಲೇ ಒಂದೊಂದು ಎಳೆ ಕಿತ್ತು, ತೂತಿನ ಮೇಲೆ ಹೊಸದಾಗಿ ಬಟ್ಟೆನೇ ನೇಯ್ದುಬಿಟ್ಟ. ನಾನು ಪಕ್ಕದಲ್ಲೇ ಕೂತಿದ್ದೆ. ಈಗ ಎಲ್ಲಿತ್ತು ಅಂತ ಕೇಳಿದ್ರೆ ನಂಗೂ ಗೊತ್ತಿಲ್ಲ."

ಅವಳಿಗೆ ಆ ದಿನವೆಲ್ಲ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಇದ್ದದ್ದನ್ನು ಇಲ್ಲದ ಹಾಗೆ ಮಾಡುವ ಆ ಮನುಷ್ಯನ ಮುಖ ಹೇಗಿರಬಹುದು ಎಂದು ನೋಡುವ ಆಸೆಯಾಯಿತು.

ನೋಡಲು ಬಹಳ ಕಾಯಬೇಕಾಗಲಿಲ್ಲ. ಮೆಟ್ಟಿಲ ಕೆಳಗೆ ಬೆಳಕು ಸಾಲದು, ಕಣ್ಣು ಹಾಳಾಗುತ್ತದೆ ಎಂದು ಗಂಡನೇ ಅವನನ್ನು ಕರೆತಂದು ಅಂಗಡಿಯ ದೊಡ್ಡ ಕಿಟಕಿಯ ಪಕ್ಕ ಕೂರಿಸಿದ. ಕಡ್ಡಿಯಂಥ ಮನುಷ್ಯ. ಉದ್ದ ಕೊರಳು, ಅಗಲ ಕಿವಿ, ಯಾವಾಗಲೂ ಈಗಷ್ಟೇ ನಿದ್ದೆಯಿಂದ ಎದ್ದವನ ಹಾಗೆ ಶಾಂತವಾದ ಮುಖ. ಮಾಡಿದ ಕೆಲಸವೂ ಕಾಣುವುದಿಲ್ಲ, ಮೂಲೆಯಲ್ಲಿ ಕೂತರೆ ಆಸಾಮಿಯೂ ಕಾಣುವುದಿಲ್ಲ ಎಂದು ಗಂಡ ಅವನಿಗೆ 'ಕಾಣದಪ್ಪ' ಎಂದು ಹೆಸರಿಟ್ಟ. ಆ ಹೆಸರೇ ಬೀದಿಗೆಲ್ಲ ಹಬ್ಬಿತು. ಅವನು ಗಂಡನನ್ನು ಅಣ್ಣ ಎಂದ, ಅವಳನ್ನು ಅತ್ತಿಗೆ ಎಂದ. ಹೆಂಡತಿ ತೀರಿಹೋಗಿ ಒಬ್ಬಳೇ ಮಗಳನ್ನು ಸಾಕುತ್ತಿದ್ದ. ಮಗಳು ದೊಡ್ಡವಳಾದ ಮೇಲೆ ಬೇಕರಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಪ್ಪನಿಗೆ ಬಿಸಿ ಬ್ರೆಡ್ಡು ಕೊಡಲು ಬಂದಾಗ ಅವಳ ಹುಬ್ಬಿನ ಮೇಲೂ ಹಿಟ್ಟು ಕೂತಿರುತ್ತಿತ್ತು.

ಕಾಣದಪ್ಪನ ಕೆಲಸದ ರೀತಿಯೇ ಬೇರೆ. ತೂತಿನ ಗುರುತಿಗೆ ಅವನು ಸೀಮೆಸುಣ್ಣ ಮುಟ್ಟುತ್ತಿರಲಿಲ್ಲ. ಸುಣ್ಣದ ಪುಡಿ ಉಣ್ಣೆಯೊಳಗೆ ಹೊಕ್ಕರೆ ಹೊರಗೆ ಬರುವುದಿಲ್ಲವಂತೆ. ಗುಂಡುಪಿನ್ನು ಚುಚ್ಚುತ್ತಿರಲಿಲ್ಲ, ಇದ್ದ ತೂತಿನ ಪಕ್ಕ ಇನ್ನೊಂದು ತೂತು ಯಾಕೆ ಎನ್ನುತ್ತಿದ್ದ. ಹಳೇ ಪತ್ರಿಕೆಯ ಅಂಚಿನ ಬಿಳಿ ಜಾಗವನ್ನು ಉಗುರಿನಷ್ಟಗಲ ಚೂರು ಮಾಡಿ, ನಾಲಿಗೆಗೆ ತಾಗಿಸಿ, ತೂತಿನ ಮಗ್ಗುಲಿಗೆ ಅಂಟಿಸುತ್ತಿದ್ದ. ಕೆಲಸ ಮುಗಿಯುವ ಹೊತ್ತಿಗೆ ಚೀಟಿ ಒಣಗಿ ತಾನಾಗಿಯೇ ಉದುರುತ್ತಿತ್ತು, ಗುರುತಿಗೂ ಗುರುತಿಲ್ಲ. ಅವನಿಗೆ ಕೆಲಸ ಕಲಿಸಿದವರು ಹೀಗೇ ಮಾಡುತ್ತಿದ್ದರಂತೆ, ಅವರಿಗೆ ಕಲಿಸಿದವರೂ ಹೀಗೇ.

"ಊಟಕ್ಕೆ ಮುಂಚೆ ಕಾಗದ ತಿಂದು ಹೊಟ್ಟೆ ತುಂಬಿಸ್ಕೋಬೇಡಪ್ಪ," ಎಂದು ಅವಳು ರೇಗಿಸುತ್ತಿದ್ದಳು.

"ಇವತ್ತಿನ ಪೇಪರಿಗೆ ಉಪ್ಪು ಕಡಿಮೆ, ಅತ್ತಿಗೆ," ಎನ್ನುತ್ತಿದ್ದ, ತಲೆ ಎತ್ತದೆ.

ಕಾಗದ ಬಿಟ್ಟರೆ ಅವನು ಬಾಯಿಗೆ ಹಾಕುತ್ತಿದ್ದದ್ದು ಬಹಳ ಕಡಿಮೆ. ಬೀಡಿ ಇಲ್ಲ, ಕುಡಿತ ಇಲ್ಲ. ತಲೆನೋವು ಬಂದರೆ ಮಾತ್ರೆ ಕೂಡ ನುಂಗುವವನಲ್ಲ. ಕೈ ನಡುಗಿಬಿಟ್ಟರೆ ಎಂಬ ಭಯ. "ಕಾಲು ಹೋದ್ರೂ ಹೇಗೋ ಬದುಕಬಹುದು ಅತ್ತಿಗೆ," ಎಂದು ಒಮ್ಮೆ ಹೇಳಿದ್ದ. "ಕಣ್ಣು ಕೈಕೊಟ್ರೆ ನಾನು ಇದ್ದೂ ಇಲ್ಲದ ಹಾಗೆ. ನಂಗೆ ಬರೋದು ಇದೊಂದೇ."

ಒಂದು ದಿನ ಗಂಡ ಎದೆನೋವೆಂದು ಕೂತವನು ಏಳಲೇ ಇಲ್ಲ. ಆ ದಿನಗಳಲ್ಲಿ ಬಂದವರೆಲ್ಲ ಸಮಾಧಾನದ ಮಾತಾಡಿದರು; ಅವಳ ಕಿವಿಗೆ ಒಂದೂ ಇಳಿಯಲಿಲ್ಲ, ಕಣ್ಣಿನಿಂದ ಒಂದು ಹನಿಯೂ ಇಳಿಯಲಿಲ್ಲ. ಕಾಣದಪ್ಪ ಮಾತ್ರ ಏನೂ ಹೇಳದೆ, ಬಾಗಿಲ ಹಿಂದೆ ನೇತಾಡುತ್ತಿದ್ದ ಗಂಡನ ಸ್ವೆಟರನ್ನು ತೆಗೆದುಕೊಂಡು ಹೋದ. ಅದರ ಮೊಣಕೈ ಹರಿದು ವರ್ಷಗಳೇ ಆಗಿದ್ದವು. ಮಾರನೆಯ ದಿನ ತಂದು ಅವಳ ಮಡಿಲಲ್ಲಿಟ್ಟ. ಅವಳು ಎರಡೂ ತೋಳು ತಿರುಗಿಸಿ ತಿರುಗಿಸಿ ಹುಡುಕಿದಳು. ಯಾವ ಮೊಣಕೈ ಎಂದೇ ಗೊತ್ತಾಗಲಿಲ್ಲ. ಆಗ ಬಂತು ನೋಡಿ ಅಳು, ಬೀದಿಗೆಲ್ಲ ಕೇಳುವಷ್ಟು.

ಹಾಗೆ ಅವಳು ಲಾಂಡ್ರಿಯಮ್ಮನಾದಳು. ಹಿಂದಿನ ಕೋಣೆಯಲ್ಲಿ ಇಸ್ತ್ರಿಯವನು, ಮುಂದಿನ ಕಿಟಕಿಯಲ್ಲಿ ಕಾಣದಪ್ಪ, ಕೌಂಟರಿನ ಹಿಂದೆ ಅವಳು. ವರ್ಷಗಳು ಹೀಗೇ ಉರುಳಿದವು. ಆ ಬೂದು ಕೋಟು ಬರದೇ ಇದ್ದಿದ್ದರೆ ಹೀಗೇ ಉರುಳಿಹೋಗುತ್ತಿದ್ದವೇನೋ.

ಅದನ್ನು ತಂದವನು ಒಬ್ಬ ಯುವಕ. ನಯವಾದ ಮಾತು, ನಿದ್ದೆ ಸಾಲದ ಕಣ್ಣು. ಒಳ್ಳೇ ಉಣ್ಣೆಯ ಬೂದು ಕೋಟು. ತೋಳಿನ ಮೇಲೆ ಸಿಗರೇಟಿನ ಕಿಡಿ ಬಿದ್ದು ನಾಲ್ಕು ತೂತು.

"ಅಪ್ಪಂದು, ಆಂಟಿ. ಕೇಳದೆ ಹಾಕ್ಕೊಂಡು ಪಾರ್ಟಿಗೆ ಹೋಗಿದ್ದೆ. ಅವರು ಊರಿಂದ ಬರೋದ್ರೊಳಗೆ ಬೀರು ಸೇರ್ಬೇಕು."

"ನಮ್ಮ ಕಾಣದಪ್ಪನ ಕೈಗೆ ಬಂತಲ್ಲ, ನಿಮ್ಮಪ್ಪ ಭೂತಕನ್ನಡಿ ಹಿಡಿದ್ರೂ ಸಿಗಲ್ಲ ಬಿಡು," ಎಂದಳು ಲಾಂಡ್ರಿಯಮ್ಮ.

ಯುವಕ ಹೋದ ಮೇಲೆ ಕಾಣದಪ್ಪ ಕೋಟನ್ನು ಮೊಣಕಾಲ ಮೇಲೆ ಹರಡಿಕೊಂಡ. ಎಳೆ ಕೀಳಲು ಒಳಮಡಿಕೆ ಹುಡುಕುವಾಗ, ಎದೆಯ ಒಳಗಿನ ಪುಟ್ಟ ಜೇಬಿನಲ್ಲಿ ಬೆರಳಿಗೆ ಏನೋ ತಾಗಿತು. ಬೆಳ್ಳಿ ಬಣ್ಣದ ತೆಳು ಹಾಳೆಯಲ್ಲಿ ಮಡಿಸಿಟ್ಟ ಒಂದು ದಪ್ಪ ಕಾಗದ. ಮೇಲೆ ಮಕ್ಕಳ ಚಿತ್ರದಂಥ ಬಣ್ಣಬಣ್ಣದ ಸುರುಳಿ. ಅಂಚೆಚೀಟಿಯ ಹಾಳೆಗೆ ಇರುವಂತೆ ಅಡ್ಡಉದ್ದ ಸಣ್ಣ ತೂತುಗಳ ಸಾಲು. ಎಳೆದರೆ ಉಗುರಿನಷ್ಟಗಲದ ಚೌಕ ಕಿತ್ತು ಬರುವ ಹಾಗೆ.

"ನೋಡಿ ಅತ್ತಿಗೆ," ಎಂದು ನಕ್ಕ. "ಯಾರೋ ನಮ್ಮ ಕಸುಬಿನವರೇ ಕತ್ತರಿಸಿ ಇಟ್ಟ ಹಾಗಿದೆ. ಅಳತೆ ಕೂಡ ಸರಿಯಾಗಿದೆ."

ಒಂದು ಕಿತ್ತ, ನಾಲಿಗೆಯ ಮೇಲಿಟ್ಟು ಚೆನ್ನಾಗಿ ಒದ್ದೆ ಮಾಡಿದ, ಮೊದಲ ತೂತಿನ ಪಕ್ಕ ಅಂಟಿಸಿದ. ಎರಡು. ಮೂರು. ನಾಲ್ಕನೆಯದು ದಪ್ಪವಿದ್ದು ಅಂಟಲೊಲ್ಲದೆ, ಅದನ್ನು ಇನ್ನೊಮ್ಮೆ ಬಾಯಿಗೆ ಹಾಕಿ ತೆಗೆದ.

"ರುಚಿ ಹೇಗಿದೆ?" ಎಂದಳು ಲಾಂಡ್ರಿಯಮ್ಮ.

"ಸಪ್ಪೆ," ಎಂದ.

ಅರ್ಧ ಗಂಟೆಯ ಮೇಲೆ ಅವನು ಮೊದಲ ತೂತಿನ ಅರ್ಧದಲ್ಲಿದ್ದ. ಅವಳು ಅಂಗಿಗಳ ಗುಂಡಿ ನೋಡುತ್ತಿದ್ದಳು. "ಅತ್ತಿಗೆ, ಈ ಕೋಟು ಉಸಿರಾಡ್ತಿದೆ," ಎಂದ ಅವನು. ಇವನ ತಮಾಷೆ ಯಾವಾಗಲೂ ಹೀಗೇ ಮುಖ ಗಂಭೀರ ಮಾಡಿಕೊಂಡು ಬರುವಂಥದು. ಅವಳು ನಕ್ಕು ಮುಂದಿನ ಅಂಗಿ ಎತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವನೇ ಕಿಸಕ್ಕನೆ ನಕ್ಕ. ನಗು ನಿಲ್ಲಲಿಲ್ಲ. ನಗುತ್ತಲೇ ಇದ್ದವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವನು ಹಾಗೆ ನಕ್ಕದ್ದನ್ನು ಅವಳು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

"ಏನಾಯ್ತಪ್ಪ?"

ಅವನು ತಲೆ ಎತ್ತಿದ. ಕಣ್ಣಿನ ಕಂದುಬಣ್ಣವೆಲ್ಲ ಮಾಯವಾಗಿ ಬರೀ ಕಪ್ಪೇ ಉಳಿದಿತ್ತು, ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಹಿಂದಿನ ಕೋಣೆಯಲ್ಲಿ ಇಸ್ತ್ರಿಯವನು ಒದ್ದೆ ಬಟ್ಟೆಯ ಮೇಲೆ ಪೆಟ್ಟಿಗೆ ಒತ್ತಿದ; ಸುಯ್ಯೆಂದು ಆವಿ ಎದ್ದಿತು. ಕಾಣದಪ್ಪ ಬೆಚ್ಚಿಬಿದ್ದು ಕೈ ಅಡ್ಡ ಹಿಡಿದ.

"ಆ ಸದ್ದು ಹಳದಿಯಾಗಿದೆ. ಕಣ್ಣಿಗೆ ಬೀಳ್ತಿದೆ. ನಿಲ್ಸೋಕೆ ಹೇಳಿ."

"ಯಾವ ಸದ್ದು? ಯಾವ ಹಳದಿ?"

ಅವನು ತನ್ನ ಎಡ ಮಣಿಕಟ್ಟನ್ನೇ ನೋಡುತ್ತಿದ್ದ, ದಿನಾ ಬಟ್ಟೆ ನೋಡುವ ಅದೇ ನೋಟ. "ಇಲ್ಲೊಂದು ಎಳೆ ಬಿಟ್ಕೊಂಡಿದೆ," ಎಂದ. "ಈಗಲೇ ಹಿಡೀದಿದ್ರೆ ಪೂರ್ತಿ ಬಿಚ್ಚಿಕೊಳ್ಳುತ್ತೆ." ಅವಳು ಎದ್ದು ಬರುವಷ್ಟರಲ್ಲಿ ಸೂಜಿ ಚರ್ಮದೊಳಗೆ ಹೋಗಿತ್ತು. ಒಮ್ಮೆ ಚುಚ್ಚಿ, ಮೇಲೆ ತೆಗೆದು, ನೇಯ್ಗೆಯ ಅಳತೆಯಲ್ಲೇ ಮತ್ತೆ ಚುಚ್ಚಿದ. ರಕ್ತ ಬಂತು, ಅವನ ಮುಖದಲ್ಲಿ ನೋವಿನ ಸುಳಿವೂ ಇರಲಿಲ್ಲ. ಅವಳು ಆ ಕೈ ಹಿಡಿದು ಸೂಜಿ ಕಿತ್ತೆಸೆದಳು. ಅವನು ಅವಳ ಮುಖ ನೋಡಿ ಹಿಂದೆ ಹಿಂದೆ ಸರಿದ.

"ಯಾರು ನೀವು? ನಿಮ್ಮ ಮುಖ ಬಿಚ್ಚಿಕೊಳ್ತಿದೆ."

"ನಾನಪ್ಪ, ಅತ್ತಿಗೆ."

"ಅತ್ತಿಗೆಗೆ ಮುಖ ಇತ್ತು," ಎಂದವನೇ ಬಾಗಿಲಿಗೆ ಓಡಿದ.

ಹೊರಗೆ ರಸ್ತೆ. ಅವನು ಮೆಟ್ಟಿಲಿಳಿದು ನಡುರಸ್ತೆಗೆ ಹೋಗಿ ಮೊಣಕಾಲೂರಿ ಕೂತು, ಎರಡೂ ಅಂಗೈಯಿಂದ ಡಾಂಬರನ್ನು ಸವರತೊಡಗಿದ, ಬಟ್ಟೆಯ ಸುಕ್ಕು ತೀಡುವ ಹಾಗೆ. ಅತ್ತಕಡೆಯಿಂದ ಬಸ್ಸು ಬರುತ್ತಿತ್ತು. ಲಾಂಡ್ರಿಯಮ್ಮ ಬಾಗಿಲಿಗೆ ಓಡಿಬಂದಳು. ಇಸ್ತ್ರಿಯವನು ಅವಳನ್ನು ಪಕ್ಕಕ್ಕೆ ತಳ್ಳಿ ಹಾರಿಹೋಗಿ, ಅವನ ಸೊಂಟ ಹಿಡಿದು ಗೋಣಿಚೀಲದಂತೆ ಎಳೆದುಕೊಂಡು ಬಂದ. ಬಸ್ಸಿನ ಗಾಳಿ ಇಬ್ಬರ ಅಂಗಿಯನ್ನೂ ಹಾರಿಸಿತು. ಚಾಲಕ ಬಗ್ಗಿ ನೋಡಿ, "ಹಗಲಲ್ಲೇ ಏರಿಸ್ಕೊಂಡಿದ್ದಾನಾ?" ಎಂದು ಬೈದು ಹೋದ.

ಆಸ್ಪತ್ರೆಗೆ ಕರೆದೊಯ್ಯುವಾಗ ಕಾರಿನೊಳಗೆ ಅವನನ್ನು ಇಬ್ಬರೂ ಒತ್ತಿ ಹಿಡಿದುಕೊಂಡಿದ್ದರು. ಅವನ ಎದೆ ಹೊಡೆದುಕೊಳ್ಳುವುದು ಅವಳ ಅಂಗೈಗೆ ತಿಳಿಯುತ್ತಿತ್ತು. ಮೆದುಳಿನ ನರ ಒಡೆಯಿತೇ, ಹುಚ್ಚೇ ಹಿಡಿಯಿತೇ, ಬೆಳಗ್ಗೆ ಕಾಗದ ಸಪ್ಪೆ ಎಂದವನು ಇವನೇನಾ ಎಂದು ಅವಳಿಗೆ ದಿಕ್ಕೇ ತೋಚಲಿಲ್ಲ.

ಮಗಳು ಬೇಕರಿಯಿಂದ ಹಾಗೇ ಓಡಿಬಂದಳು, ಹುಬ್ಬಿನ ಮೇಲೆ ಹಿಟ್ಟು. ಮಂಚಕ್ಕೆ ಒರಗಿ ಗೋಡೆಯನ್ನು ಕಂಡು ನಡುಗುತ್ತಿದ್ದ ಅಪ್ಪನನ್ನು ನೋಡಿ, ಅವಳು ಮೊದಲು ಕೇಳಿದ್ದು, "ದೊಡ್ಡಮ್ಮ, ಅಪ್ಪ ಕುಡಿದಿದ್ದಾರಾ?"

"ನಿಮ್ಮಪ್ಪನಾ? ಏನಂತ ಮಾತಾಡ್ತಿದ್ದೀಯ?"

"ಮತ್ತೆ ಇದೇನು?"

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಣ್ಣಿಗೆ ದೀಪ ಬಿಟ್ಟು ನೋಡಿದರು, ನಾಡಿ ಹಿಡಿದರು, ಕೈಯ ಮೇಲಿನ ಸೂಜಿಗಾಯ ನೋಡಿದರು. ಆಮೇಲೆ ಲಾಂಡ್ರಿಯಮ್ಮನ ಕಡೆ ತಿರುಗಿ, "ಇವತ್ತು ಬೆಳಗ್ಗೆಯಿಂದ ಇವರು ಬಾಯಿಗೆ ಏನೇನು ಹಾಕ್ಕೊಂಡ್ರು? ನೆನಪು ಮಾಡ್ಕೊಂಡು ಹೇಳಿ, ಸಣ್ಣದಾದ್ರೂ ಸರಿ," ಎಂದರು.

"ಬ್ರೆಡ್ಡು. ಚಹಾ. ಆಮೇಲೆ ಕಾಗದ."

"ಕಾಗದ?"

"ಅವನು ದಿನಾ ಹಾಕ್ಕೊಳ್ತಾನೆ ಡಾಕ್ಟ್ರೇ. ತಿನ್ನಲ್ಲ, ಅಂಟಿಸೋಕೆ ಒದ್ದೆ ಮಾಡ್ತಾನೆ, ಅಷ್ಟೆ."

"ಇವತ್ತಿನ ಕಾಗದ ಎಲ್ಲಿಂದ ಬಂತು?"

ಇಸ್ತ್ರಿಯವನು ಅಂಗಡಿಗೆ ಓಡಿ ಕೋಟು ತಂದ. ತೋಳಿನ ಮೇಲೆ ನಾಲ್ಕು ಬಣ್ಣದ ಚೌಕಗಳು ಇನ್ನೂ ಅಂಟಿಕೊಂಡೇ ಇದ್ದವು. ಮೊದಲ ತೂತಿನಲ್ಲಿ ಅರ್ಧ ನೇಯ್ದ ಎಳೆಗಳು ಹಾಗೇ ಜೋಲುತ್ತಿದ್ದವು. ಡಾಕ್ಟರಮ್ಮ ಕೈಗೆ ಗವಸು ಹಾಕಿಕೊಂಡು ಚೌಕಗಳನ್ನು ಚಿಮಟದಿಂದ ಬಿಡಿಸಿ ಡಬ್ಬಿಯೊಳಗಿಟ್ಟರು.

"ನಾಲ್ಕೂ?" ಎಂದರು.

"ನಾಲ್ಕೂ. ಒಂದನ್ನ ಎರಡು ಸಲ."

ಡಾಕ್ಟರಮ್ಮ ಸ್ಟೂಲಿನ ಮೇಲೆ ಕೂತೇಬಿಟ್ಟರು. "ಇದು ಬರೀ ಕಾಗದ ಅಲ್ಲಮ್ಮ. ಎಲ್‌ಎಸ್‌ಡಿ ಅಂತ, ಭ್ರಮೆ ಹುಟ್ಟಿಸೋ ಮಾದಕ ವಸ್ತು. ಬಣ್ಣ ಇಲ್ಲ, ವಾಸನೆ ಇಲ್ಲ. ದ್ರವದಲ್ಲಿ ಅದ್ದಿ ಒಣಗಿಸಿ ಹೀಗೆ ಚೂರು ಮಾಡಿ ಮಾರ್ತಾರೆ, ಮೋಜಿಗೆ ನಾಲಿಗೆ ಮೇಲೆ ಇಟ್ಕೊಳ್ತಾರೆ. ಒಂದು ಚೂರಲ್ಲಿ ಎಷ್ಟಿದೆ ಅಂತ ಮಾರೋನಿಗೂ ಗೊತ್ತಿರಲ್ಲ."

"ಮೋಜಿಗೆ?" ಎಂದಳು ಲಾಂಡ್ರಿಯಮ್ಮ. ಒಳಗೆ ಅವನು ತನ್ನ ಬೆರಳುಗಳನ್ನು ಎಣಿಸಿ ಎಣಿಸಿ ತಪ್ಪುತ್ತಿದ್ದ. "ಇದನ್ನ ಬೇಕಂತ ತಗೊಳ್ಳೋರಿದ್ದಾರಾ?"

"ಇದ್ದಾರೆ. ಕೆಲವರಿಗೆ ಚಂದದ ಬಣ್ಣ ಕಾಣುತ್ತೆ, ಕೆಲವರಿಗೆ ಹೀಗೆ ನರಕ. ಯಾರಿಗೆ ಯಾವತ್ತು ಏನು ಅಂತ ಮೊದಲೇ ಹೇಳೋಕಾಗಲ್ಲ."

"ಇಳಿಸೋಕೆ ಏನಾದ್ರೂ ಕೊಡಿ ಡಾಕ್ಟ್ರೇ," ಎಂದಳು ಮಗಳು.

"ಇಳಿಸೋ ಮದ್ದಿಲ್ಲಮ್ಮ. ಹೆದರಿಕೆ ತಗ್ಗೋಕೆ ಕೊಡ್ತೀನಿ. ಮಿಕ್ಕಿದ್ದು ತಾನಾಗೇ ಇಳೀಬೇಕು, ನಾಳೆವರೆಗೂ ಹಿಡೀಬಹುದು. ಈ ವಸ್ತು ನೇರವಾಗಿ ಜೀವ ತೆಗೆಯೋದು ಅಪರೂಪ. ಇದು ಏರಿದಾಗ ಜನ ರಸ್ತೆಗೆ ಇಳೀತಾರೆ, ಮಹಡಿಯಿಂದ ಹೆಜ್ಜೆ ಇಡ್ತಾರೆ. ಜೀವ ಅಲ್ಲಿ ಹೋಗುತ್ತೆ."

ಲಾಂಡ್ರಿಯಮ್ಮನ ಕಣ್ಮುಂದೆ ಬಸ್ಸಿನ ಚಕ್ರ ಬಂತು. ಉಗುರಿನಷ್ಟಗಲದ ಕಾಗದ. ರುಚಿ ಹೇಗಿದೆ ಎಂದು ತಾನೇ ಕೇಳಿದ್ದು ನೆನಪಾಯಿತು.

ದೀಪ ತಗ್ಗಿಸಿ, ಸದ್ದಿಲ್ಲದ ಕೋಣೆಯಲ್ಲಿ ಅವನನ್ನು ಮಲಗಿಸಿದರು. ಗುರುತಿನವರು ಒಬ್ಬರು ಪಕ್ಕದಲ್ಲಿರಬೇಕು. ಅವನು ಕಂಡದ್ದಕ್ಕೆಲ್ಲ ವಾದ ಹೂಡಬಾರದು, ಹೌದೌದು ಎಂದು ತಲೆಯೂ ಆಡಿಸಬಾರದು. ಇರುವುದನ್ನು ಇರುವ ಹಾಗೆ ಮೆತ್ತಗೆ ಹೇಳುತ್ತಿರಬೇಕು ಎಂದರು ಡಾಕ್ಟರಮ್ಮ. ಮಗಳಿಗೆ ಅಳು ನಿಲ್ಲುತ್ತಿರಲಿಲ್ಲ. ಲಾಂಡ್ರಿಯಮ್ಮನೇ ಕೂತಳು.

ಅವನು ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. "ಅಲ್ಲಾಡ್ತಿದೆಯಾ?" ಎಂದು ಕೇಳಿದ.

ಅವಳು ಹೊದಿಕೆಯ ಮೇಲೆ ಅಂಗೈ ಇಟ್ಟಳು. "ಇಲ್ಲಪ್ಪ. ಸುಮ್ನೆ ಬಿದ್ದಿದೆ. ಹತ್ತಿ ಹೊದಿಕೆ, ಅಂಚು ಸವೆದಿದೆ, ಒಳ್ಳೇ ಕೆಲಸ ಅಲ್ಲ, ನೀನು ನೋಡಿದ್ರೆ ಬೈತಿದ್ದೆ."

"ಗೋಡೆ?"

"ಗೋಡೇನೂ ಹಾಗೇ ನಿಂತಿದೆ."

"ನನ್ನ ಕೈ?"

"ಇದೆ. ನಾನೇ ಹಿಡ್ಕೊಂಡಿದ್ದೀನಿ."

ಮತ್ತೆ ಅದೇ ಪ್ರಶ್ನೆ, ಅಲ್ಲಾಡ್ತಿದೆಯಾ. ಅವಳ ಉತ್ತರವೂ ಅದೇ. ಬಾಯಿ ಬಿದ್ದುಹೋಗುವಷ್ಟು ಸಲ ಹೇಳಿದಳು. ಮರುದಿನ ಬೆಳಕು ಹರಿದಾಗ ಅವನು ಕಣ್ಣು ಬಿಟ್ಟು, "ಅತ್ತಿಗೆ, ನೀವು ಮನೆಗೆ ಹೋಗ್ಲಿಲ್ವಾ?" ಎಂದ, ಎಂದಿನ ದನಿಯಲ್ಲಿ. ಕಣ್ಣಿನ ಕಂದುಬಣ್ಣ ವಾಪಸು ಬಂದಿತ್ತು. ಅವಳು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖವೊಡ್ಡಿ ನಿಂತುಕೊಂಡಳು.

ಯುವಕ ಕೋಟು ಕೇಳಿಕೊಂಡು ಅಂಗಡಿಗೆ ಬಂದ. ಲಾಂಡ್ರಿಯಮ್ಮ ಏನೂ ಬೈಯಲಿಲ್ಲ. ಅವನ ತೋಳು ಹಿಡಿದು ಆಸ್ಪತ್ರೆಗೇ ಕರೆದುಕೊಂಡು ಹೋದಳು. ದಾರಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಅವನ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು.

"ನಾಲ್ಕಾ? ಆಂಟಿ, ನಾವು ಒಂದನ್ನೇ ಇಬ್ಬರು ಹಂಚ್ಕೊಳ್ತೀವಿ. ಜೇಬಲ್ಲಿ ಉಳಿದಿತ್ತು ಅನ್ನೋದೇ ನಂಗೆ ಮರೆತೇಹೋಗಿತ್ತು. ನಮಗೆ ಯಾವತ್ತೂ ಏನೂ ಆಗಿಲ್ಲ..." ಎಂದ.

ಕಾಣದಪ್ಪ ಮಂಚದ ಮೇಲೆ ಕೂತಿದ್ದ, ಮಣಿಕಟ್ಟಿಗೆ ಪಟ್ಟಿ. ಯುವಕನನ್ನು ಬಹಳ ಹೊತ್ತು ನೋಡಿದ.

"ಕೂತ್ಕೋ ತಮ್ಮಾ. ಒಂದು ಕೇಳ್ತೀನಿ. ಅದನ್ನ ತಗೊಂಡಾಗ ನಿಂಗೂ ಹೀಗೇ ಆಗುತ್ತಾ?"

"ಇಲ್ಲ... ನಮಗೆ ಹಾಡು ಕಣ್ಣಿಗೆ ಕಾಣ್ಸುತ್ತೆ. ಗಿಡ ಮರ ಎಲ್ಲ ಹೊಳೆಯುತ್ತೆ. ಚೆನ್ನಾಗಿರುತ್ತೆ."

"ಎಲ್ಲರಿಗೂ?"

ಯುವಕ ನೆಲ ನೋಡಿದ. "ಒಬ್ಬ ಗೆಳೆಯ ಬಾಲ್ಕನಿಯಿಂದ ಆಚೆ ಹೆಜ್ಜೆ ಇಟ್ಟ. ಅಲ್ಲೂ ನೆಲ ಇತ್ತಂತೆ ಅವನಿಗೆ. ಮೊದಲ ಮಹಡಿ, ಕಾಲು ಮುರೀತು. ಜಾರಿಬಿದ್ದ ಅಂತ ಮನೇಲಿ ಹೇಳಿದ್ವಿ." ಅವನು ಕಣ್ಣೊರೆಸಿಕೊಂಡ. "ಆಮೇಲೆ ಅದನ್ನೇ ಹೇಳ್ಕೊಂಡು ನಕ್ಕಿದ್ವಿ ಅಂಕಲ್. ತಿಂಗಳುಗಟ್ಟಲೆ ನಕ್ಕಿದ್ವಿ."

ಲಾಂಡ್ರಿಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇಷ್ಟು ನಯವಾದ ಮುಖ, ಇಷ್ಟು ಮೆತ್ತಗಿನ ಮಾತು; ಒಗೆದು ಇಸ್ತ್ರಿ ಹಾಕಿದ ಅಂಗಿ. ಈ ಬೀದಿಯಲ್ಲಿ ಹೀಗೆ ಮಡಿಸಿಟ್ಟ ಬೆಳ್ಳಿಹಾಳೆ ಇನ್ನೆಷ್ಟು ಜೇಬಿನಲ್ಲಿದೆಯೋ ಎನಿಸಿತು.

"ಕೋಟು ಮುಗಿಸಿ ಕೊಡ್ತೀನಿ ತಮ್ಮಾ," ಎಂದ ಕಾಣದಪ್ಪ. "ಹಿಡಿದ ಕೆಲಸ ನಾನು ಅರ್ಧಕ್ಕೆ ಬಿಟ್ಟಿಲ್ಲ."

ಅವನು ಅಂಗಡಿಗೆ ಬಂದು ಕಿಟಕಿಯ ಪಕ್ಕ ಕೂತ ದಿನ ಇಸ್ತ್ರಿಯವನು ಎಲ್ಲರಿಗೂ ಚಹಾ ತಂದ. ಗಂಡಾಂತರ ಕಳೆಯಿತು ಎಂದೇ ಎಲ್ಲರೂ ತಿಳಿದದ್ದು. ಕಾಣದಪ್ಪ ಕೋಟು ಹರಡಿಕೊಂಡ, ಸೂಜಿಗೆ ಎಳೆ ಪೋಣಿಸಿದ, ಬಗ್ಗಿದ. ಬಗ್ಗಿದವನು ಹಾಗೇ ಇದ್ದುಬಿಟ್ಟ. ಚಹಾ ಕೆನೆಗಟ್ಟಿತು.

"ಅತ್ತಿಗೆ," ಎಂದ ಕೊನೆಗೆ, ತಗ್ಗಿದ ದನಿಯಲ್ಲಿ. "ಇದು ಅಲ್ಲಾಡ್ತಿದೆಯಾ?"

ಅವಳು ಎದ್ದು ಬಂದು ಕೋಟಿನ ಮೇಲೆ ಅಂಗೈ ಇಟ್ಟಳು. "ಇಲ್ಲಪ್ಪ."

"ನಂಗೆ ಅಲ್ಲಾಡ್ತಿದೆ. ಎಳೆಗಳು ಹರೀತಾ ಇವೆ, ನೀರಿನ ಹಾಗೆ. ಸೂಜಿ ಎತ್ತಿದ್ರೆ ಅದರ ಹಿಂದೆ ಇನ್ನಷ್ಟು ಸೂಜಿ ಬರ್ತವೆ. ಮೇಲಿಂದ ಏನೋ ಉದುರ್ತಾನೇ ಇದೆ, ನನ್ನ ಮಗಳು ಹಿಟ್ಟು ಜರಡಿ ಹಿಡಿದ ಹಾಗೆ."

"ನೀನು ಮತ್ತೆ ಏನಾದ್ರೂ..."

"ಏನೂ ಇಲ್ಲ. ಕಾಗದ ಕಂಡ್ರೆ ಬಾಯಿ ಮುಚ್ಕೊಳ್ತೀನಿ."

ಮತ್ತೆ ಡಾಕ್ಟರಮ್ಮನ ಹತ್ತಿರ ಹೋದರು. ಕಣ್ಣಿನಲ್ಲಿ ದೋಷವಿಲ್ಲ, ಕಂಡದ್ದನ್ನು ತಿಳಿಯುವ ಮೆದುಳಿಗೆ ಪೆಟ್ಟು ಬಿದ್ದಿದೆ ಎಂದರು ಅವರು. ಬಹಳ ಜನರಿಗೆ ಹೀಗಾಗುವುದಿಲ್ಲವಂತೆ. ಕೆಲವರಿಗೆ ಮಾತ್ರ ಅಮಲು ಇಳಿದ ಮೇಲೂ ಈ ನೆರಳು ಉಳಿಯುತ್ತದೆ. ವಾರವೋ, ತಿಂಗಳೋ, ಅದಕ್ಕೂ ಹೆಚ್ಚೋ ಹೇಳಲಾಗದು. ಒಂದೇ ಸಲ ತೆಗೆದುಕೊಂಡವರಿಗೂ ಆಗಬಹುದು. ಖಾತ್ರಿಯ ಮದ್ದಿಲ್ಲ. ಚೆನ್ನಾಗಿ ನಿದ್ದೆ ಮಾಡಿ, ಕಣ್ಣಿಗೆ ಆಯಾಸ ಕೊಡಬೇಡಿ ಎಂದರು. ಕಣ್ಣಿಗೆ ಆಯಾಸ ಕೊಡಬೇಡಿ ಎಂದು ರಫೂ ಮಾಡುವವನಿಗೆ ಹೇಳುವಾಗ ಡಾಕ್ಟರಮ್ಮನ ದನಿಯೂ ಇಳಿದುಹೋಗಿತ್ತು.

ಅವನು ಹಟ ಬಿಡಲಿಲ್ಲ. ಬೂದು ಕೋಟು ಪಕ್ಕಕ್ಕಿಟ್ಟು, ಸುಲಭದ ಕೆಲಸ ಹಿಡಿದ. ಒಂದು ಎಳೆ ಹಾಕುವುದು, ಕೇಳುವುದು: "ಅಲ್ಲಾಡ್ತಿದೆಯಾ?" ಅವಳು ಕೌಂಟರಿನಿಂದ ಎದ್ದು ಬಂದು ಅಂಗೈ ಇಡುವುದು. ಅವಳ ಅಂಗೈಯ ಸುತ್ತ ಮಾತ್ರ ಬಟ್ಟೆ ಸ್ವಲ್ಪ ಹೊತ್ತು ನಿಲ್ಲುತ್ತದೆ ಎನ್ನುತ್ತಿದ್ದ. ಬಂದ ಗಿರಾಕಿಗಳು ಇದೇನು ಆಟ ಎಂದು ನೋಡುತ್ತಿದ್ದರು.

ಒಂದು ದಿನ ಒಬ್ಬ ಹೆಂಗಸು ಶಾಲನ್ನು ವಾಪಸು ತಂದು ಕೌಂಟರಿನ ಮೇಲೆ ಹರಡಿದಳು. ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ. "ಇದು ನಿಮ್ಮ ಕಾಣದಪ್ಪನ ಕೆಲಸನೇನಾ?" ನೇಯ್ಗೆಯ ನಡುವೆ ಒಂದು ಗಂಟು, ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತ್ತು. ಲಾಂಡ್ರಿಯಮ್ಮ ಅದನ್ನು ಕೈಯಿಂದ ಮುಚ್ಚಿದಳು. ಆದರೆ ಅವನು ನೋಡಿಯಾಗಿತ್ತು. ಆ ಮುಖವನ್ನು ಅವಳು ಮರೆಯಲಿಲ್ಲ. ಬಸ್ಸಿನ ಮುಂದೆ ಕೂತಿದ್ದಾಗಲೂ ಅವನ ಮುಖ ಹಾಗಿರಲಿಲ್ಲ.

ಅಂದಿನಿಂದ ಅವನು ಗುಂಡಿ ಹೊಲಿದ, ಅಂಚು ಮಡಿಸಿದ. ಮಗಳು ಅಪ್ಪನ ಮೇಲೆ ಅನುಮಾನಪಟ್ಟಿದ್ದಕ್ಕೆ ದಿನಾ ಎರಡು ಬ್ರೆಡ್ಡು ತರುತ್ತಿದ್ದಳು. ತಂದದ್ದು ಇಸ್ತ್ರಿಯವನ ಹೊಟ್ಟೆ ಸೇರುತ್ತಿತ್ತು. ಯುವಕ ಆಗಾಗ ಬರುತ್ತಿದ್ದ. ತಂದೆಗೆ ಎಲ್ಲವನ್ನೂ ಹೇಳಿಬಿಟ್ಟಿದ್ದೇನೆ, ಆ ಸಹವಾಸ ಬಿಟ್ಟಿದ್ದೇನೆ ಎಂದ. ಬಂದರೆ ಕೋಟು ಕೇಳುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ಕಣ್ಣು ಹೇಗಿದೆ ಎಂದು ಕೇಳುತ್ತಿದ್ದ. "ನಿನ್ನೆಗಿಂತ ವಾಸಿ," ಎನ್ನುತ್ತಿದ್ದ ಕಾಣದಪ್ಪ. ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು.

ಆಮೇಲಾಮೇಲೆ ಉದುರುವ ಹಿಟ್ಟು ಸ್ವಲ್ಪ ಕಡಿಮೆಯಾಯಿತು, ರಸ್ತೆ ದಾಟುವಾಗ ಹೆದರಿಕೆ ಹೋಯಿತು. ಬಟ್ಟೆಯ ಹರಿವು ಮಾತ್ರ ನಿಲ್ಲಲಿಲ್ಲ. ಬೇಕರಿಯವರು ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆದು ಮಗಳನ್ನು ಅಲ್ಲಿಗೆ ಹೋಗೆಂದರು. ಅಪ್ಪನನ್ನು ಬಿಟ್ಟು ಹೋಗುವುದಿಲ್ಲ ಎಂದಳು ಅವಳು; ಅವನೂ ಜೊತೆಗೆ ಹೊರಟ. ಹೊರಡುವ ದಿನ ಕಾಣದಪ್ಪ ಬೆಳಗ್ಗೆಯೇ ಅಂಗಡಿಗೆ ಬಂದು ಬೂದು ಕೋಟನ್ನು ಕೇಳಿದ.

"ಮೊದಲ್ನೇ ತೂತು ಅರ್ಧ ಆಗಿದೆಯಲ್ಲ ಅತ್ತಿಗೆ. ಅದೊಂದು ಮುಗಿಸಿ ಹೋಗ್ತೀನಿ."

ಅವಳು ಪಕ್ಕದಲ್ಲಿ ಕೂತು ಅಂಗೈಯಿಂದ ಬಟ್ಟೆ ಹಿಡಿದಳು. ಅವನು ಕಣ್ಣು ಅರ್ಧ ಮುಚ್ಚಿಕೊಂಡು, ಬೆರಳ ತುದಿಯಲ್ಲಿ ಎಳೆ ತಡವುತ್ತಾ ಒಂದೊಂದಾಗಿ ಸೇರಿಸಿದ. ಹಿಂದೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ. ಮಧ್ಯಾಹ್ನದ ಬಿಸಿಲು ಕಿಟಕಿ ದಾಟಿ ಹೋಯಿತು. ಮಗಳು ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು, ಅವಸರ ಮಾಡಲಿಲ್ಲ. ಕೊನೆಗೆ ಅವನು ಎಳೆ ಕತ್ತರಿಸಿ ಕೋಟನ್ನು ಲಾಂಡ್ರಿಯಮ್ಮನ ಕೈಗೆ ಕೊಟ್ಟ.

"ಹುಡುಕಿ," ಎಂದ.

ಗಂಡ ಅಡಿಗೆಮನೆಗೆ ಬಂದು ಹೇಳಿದ್ದ ಅದೇ ಮಾತು. ಅವಳು ಕಿಟಕಿಗೆ ಹೋಗಿ ಬೆಳಕಿಗೆ ಹಿಡಿದಳು. ಹುಡುಕುವ ಕೆಲಸವೇ ಇರಲಿಲ್ಲ. ಕಣ್ಣು ನೇರ ಅಲ್ಲಿಗೇ ಹೋಯಿತು. ಎಳೆಗಳು ಓರೆಯಾಗಿ, ಒಂದರ ಮೇಲೊಂದು ಹತ್ತಿ ಕೂತಿದ್ದವು. ಕಾಣ್ತಿಲ್ಲ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಆದರೆ ಇಷ್ಟು ದಿನ ಅಲ್ಲಾಡ್ತಿಲ್ಲ ಎಂದದ್ದನ್ನೆಲ್ಲ ಅವನು ನಂಬಿದ್ದು, ಅವಳು ಇದ್ದದ್ದನ್ನೇ ಹೇಳುತ್ತಾಳೆ ಎಂದಲ್ಲವೇ.

"ಕಾಣ್ತಿದೆಯಪ್ಪ," ಎಂದಳು.

ಅವನು ತಲೆಯಾಡಿಸಿದ. ಮೊದಲೇ ಗೊತ್ತಿದ್ದವನ ಹಾಗೆ. ಸೂಜಿಯನ್ನು ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡು ಎದ್ದ, ಮಗಳ ಭುಜ ಹಿಡಿದ. ಅವನು ಹೋದ ಮೇಲೆ ಲಾಂಡ್ರಿಯಮ್ಮ ಅವನನ್ನು ಮತ್ತೆ ನೋಡಲಿಲ್ಲ. ಮುಂದಿನ ವರ್ಷ ಅಪ್ಪ ತೀರಿಕೊಂಡರು ಎಂದು ಮಗಳ ಫೋನು ಬಂತು, ಅಷ್ಟೆ. ಆ ದಿನ ಬಾಗಿಲ ಹತ್ತಿರ ಹೋದವನು ತಿರುಗಿ ನಿಂತು ಅವಳನ್ನು ಕೇಳಿದ್ದು ಇದೊಂದು:

"ಹಾಗಿದ್ರೆ ಅದನ್ನ ಬಿಚ್ಚಿಬಿಡಿ ಅತ್ತಿಗೆ. ಹುಡುಗ ಬಂದ್ರೆ ತೂತಿನ ಸಮೇತ ಕೋಟು ಕೊಟ್ಬಿಡಿ. ಅವನಿಗೆ ಅದು ಕಾಣ್ತಾ ಇರ್ಲಿ."